ರೌಟರ್ ‘ಬ್ರಿಕ್’ ಆಯ್ತು ಅನ್ನೋದಕ್ಕೆ ನಿಮ್ ಕಡೆ ಏನಂತೀರಿ?

ಎಲ್ರಿಗೂ ನಮಸ್ಕಾರ. ಪುಣೆಯಿಂದ ಬರೀತಿದೀನಿ. ಹಳೇ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ (ಕಂಪನಿ ಕೊಟ್ಟಿರೋ ಸಾಫ್ಟ್‌ವೇರ್ ಬದಲು ಹಾಕೋ ಉಚಿತ ಸಾಫ್ಟ್‌ವೇರ್) ಹಾಕ್ಕೊಳ್ಳೋದು ಹೇಗೆ ಅಂತ ನಮ್ ಮನೆ ಕಡೆಯವರಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಎರಡು ಪುಟ ಬರೆಯೋಕೆ ಕೂತಿದ್ದೆ, ಒಂದೇ ಪದದ ಹತ್ರ ಸಿಕ್ಕಾಕ್ಕೊಂಡಿದೀನಿ: ಬ್ರಿಕ್. ಅಂದ್ರೆ ಸಾಫ್ಟ್‌ವೇರ್ ಹಾಕುವಾಗ ಎಡವಟ್ಟಾಗಿ ರೌಟರ್ ಶುರುನೇ ಆಗದೆ ಕೂರೋದು.

ಇದು ಶುರು ಆಗಿದ್ದು ಮಡಗಾಂವ್‌ನಲ್ಲಿರೋ ನಮ್ ಮಾಮಾನಿಂದ. ಮೂಲ ಧಾರವಾಡದವರು, ಗೋವಾಕ್ಕೆ ಹೋಗಿ ಮೂವತ್ತು ವರ್ಷ ಆದ್ರೂ ಭಾಷೆ ಒಂಚೂರೂ ಅಲುಗಾಡಿಲ್ಲ. ನಾನು ಫೋನಲ್ಲಿ ಹೇಳ್ತಾ ಹೋದೆ, ಅವರು ಅಲ್ಲಿ ಮಾಡ್ತಾ ಹೋದ್ರು, ರೌಟರ್ ಕೆಳಗಿನ ಸ್ಟಿಕರ್‌ನಲ್ಲಿ ವರ್ಶನ್ ನಂಬರ್ ಎರಡೆರಡು ಸಲ ಓದಿಸ್ಕೊಂಡೆ, ‘ಫ್ಯಾಕ್ಟರಿ’ ಅಂತಿರೋ ಫೈಲೇ (ಮೊದಲ ಸಲ ಹಾಕೋದು) ತಗೊಳ್ರಿ ‘ಸಿಸ್‌ಅಪ್‌ಗ್ರೇಡ್’ ಅಂತಿರೋದು (ಆಮೇಲೆ ಅಪ್‌ಡೇಟ್ ಮಾಡೋಕೆ) ಬೇಡ ಅಂದೆ, ಎಲ್ಲಾ ಸರಿ ಇತ್ತು, ಫೈಲ್ ಅರ್ಧ ಬರ್ಕೊಂಡಿರಬೇಕು ಅಷ್ಟರಲ್ಲಿ ಕರೆಂಟ್ ಹೋಯ್ತು. ಜೂನ್ ತಿಂಗಳ ಗೋವಾ ಮಳೆ, ಏನ್ ಮಾಡೋದು. ಕರೆಂಟ್ ಬಂದ್ಮೇಲೆ ಫೋನ್: “ಒಂದ ದೀಪ ಹತ್ಯಾದ, ಉಳದದ್ದೆಲ್ಲಾ ಆರ್ಯಾವ. ಸತ್ತತೇನೋ ಇದು?”

“ಸತ್ತಿಲ್ಲ ಮಾಮಾ, ಬ್ರಿಕ್ ಆಗೇದ.”

“ಹಂಗಂದ್ರ?”

“ಇಟ್ಟಂಗಿ.”

“ಇಟ್ಟಂಗಿ ಆದ್ರ ಗ್ವಾಡಿಗರೆ ಬರ್ತದ, ಇದು ಎದಕ್ಕ ಬರ್ತದೋ?”

ಉತ್ತರ ಇರ್ಲಿಲ್ಲ ನನ್ ಹತ್ರ. ಯೋಚ್ನೆ ಮಾಡಿದ್ರೆ ಮಾಮಾ ಹೇಳಿದ್ದೇ ಸರಿ ಅಲ್ವಾ? ನಮಗೆ ಇಟ್ಟಿಗೆ ಅಂದ್ರೆ ಮನೆ ಏಳೋ ವಸ್ತು, ಕೆಲಸಕ್ಕೆ ಬಾರದ್ದು ಅಂತ ಯಾವತ್ತೂ ಅರ್ಥ ಇಲ್ಲ. ಪಂಢರಪುರದಲ್ಲಿ ವಿಠ್ಠಲ ನಿಂತಿರೋದೇ ಇಟ್ಟಿಗೆ ಮೇಲೆ, ಅದನ್ನ ಕೆಟ್ಟ ರೌಟರ್‌ಗೆ ಹೋಲಿಸಿದ್ರೆ ಇಲ್ಲಿ ಯಾರೂ ಒಪ್ಪಲ್ಲ. (ಆಫೀಸಲ್ಲಿ ಮರಾಠಿ ಗೆಳೆಯನ್ನ ಕೇಳ್ದೆ, ಅವ್ರಲ್ಲಿ ‘ವೀಟ್’ ಅಂದ್ರೆ ಇಟ್ಟಿಗೆನೂ ಹೌದು, ‘ವೀಟ್ ಆಲಾ’ ಅಂದ್ರೆ ಬೇಜಾರು ಹಿಡೀತು ಅಂತಾನೂ ಹೌದು. ಅವ್ರಿಗೆ ಪುಕ್ಕಟೆ ಸಿಕ್ತು, ನಮಗಿಲ್ಲ.)

‘ಕೆಟ್ಟೋಯ್ತು’ ಅನ್ನೋಣ ಅಂದ್ರೆ ಅದೂ ಸರಿಯಿಲ್ಲ, ಯಾಕಂದ್ರೆ ರೌಟರ್‌ನ ಭಾಗ ಒಂದೂ ಕೆಟ್ಟಿಲ್ಲ, ಒಳಗೆ ಬರೆದಿರೋದು ಮಾತ್ರ ಅರ್ಧಂಬರ್ಧ ಆಗಿದೆ. ಬೂಟ್‌ಲೋಡರ್ ಅಂತ, ರೌಟರ್ ಆನ್ ಆದಾಗ ಮೊದಲು ಓಡೋ ಒಂದು ಸಣ್ಣ ಪ್ರೋಗ್ರಾಂ ಫ್ಲ್ಯಾಶ್ ಮೆಮೊರಿಯಲ್ಲಿ ಬೇರೆ ಜಾಗದಲ್ಲಿರುತ್ತೆ, ಅದು ಉಳಿದಿದ್ರೆ ಜೀವ ಇದೆ ಅಂತ ಅರ್ಥ. ಮಾಮಾನ ಮಾಡೆಲ್‌ನಲ್ಲಿ ರೀಸೆಟ್ ಬಟನ್ ಒತ್ತಿ ಹಿಡ್ಕೊಂಡು ಆನ್ ಮಾಡಿದ್ರೆ ಅದು ಕೇಬಲ್‌ನಲ್ಲಿ 192.168.0.66 ಅನ್ನೋ ವಿಳಾಸದ ಕಂಪ್ಯೂಟರ್‌ನ ಹುಡುಕಿ ಟಿಎಫ್‌ಟಿಪಿಯಲ್ಲಿ (ಫೈಲ್ ಕಳಿಸೋ ಒಂದು ಸರಳ ವಿಧಾನ) ಫೈಲ್ ಕೇಳುತ್ತೆ. ಕಂಪ್ಯೂಟರ್‌ಗೆ ಆ ವಿಳಾಸ ಕೊಡಿಸ್ದೆ, ಫೈಲ್‌ಗೆ ಅದು ಕೇಳೋ ಹೆಸರೇ ಇಡಿಸ್ದೆ, ಮೂರು ಸಲ ಏನೂ ಆಗ್ಲಿಲ್ಲ, ಆಮೇಲೆ ನೆನಪಾಗಿ ಫೈರ್‌ವಾಲ್ ಆಫ್ ಮಾಡಿಸ್ದೆ. ನಾಲ್ಕನೇ ಸಲಕ್ಕೆ ದೀಪ ಪಟಪಟ ಅಂತು. ಮಾಮಾ ಕೂಗಿದ್ರು: “ಎಚ್ಚರಾತ ನೋಡಪಾ!”

ನನಗೆ ಆವಾಗ್ಲೇ ಹೊಳೀತು, ಪದ ಅವ್ರೇ ಕೊಟ್ಬಿಟ್ರು. ಅನ್‌ಬ್ರಿಕ್ ಅಂದ್ರೆ ಎಚ್ಚರ ಆಗೋದು, ಹಾಗಾದ್ರೆ ಬೂಟ್‌ಲೋಡರ್ ಉಳಿದಿರೋ ಸಾಫ್ಟ್ ಬ್ರಿಕ್ ಅಂದ್ರೆ ‘ಎಚ್ಚರ ತಪ್ಪೋದು’. ‘ರೌಟರ್ ಎಚ್ಚರ ತಪ್ಪಿದ್ರೆ ಹೀಗೆ ಮಾಡಿ’ ಅಂತ ಬರೆದ್ರೆ ನಮ್ಮಜ್ಜಿಗೂ ಗಾಬರಿ ಆಗಲ್ಲ, ಉಪಾಯ ಇದೆ ಅಂತ ಗೊತ್ತಾಗುತ್ತೆ. ಬೂಟ್‌ಲೋಡರೇ ಅಳಿಸಿಹೋದ ಹಾರ್ಡ್ ಬ್ರಿಕ್‌ಗೆ ನನ್ನ ಪದ ‘ಕಲ್ಲಾಗೋದು’. ಅಹಲ್ಯೆ ಕಲ್ಲಾಗಿದ್ದು ಎಲ್ರಿಗೂ ಗೊತ್ತು. ಅದು ಫೋನಲ್ಲಿ ಹೇಳಿ ಸರಿ ಮಾಡೋ ಕೇಸಲ್ಲ, ಯಾರಾದ್ರೂ ಬಂದು ಮುಟ್ಟಲೇಬೇಕು: ಪೆಟ್ಟಿಗೆ ಬಿಚ್ಚಿ, ಚಿಪ್‌ಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಅನ್ನೋ ಸಾಧನದಿಂದ ಹೊಸದಾಗಿ ಬರೀಬೇಕು. ನನಗಂತೂ ಇದು ಬ್ರಿಕ್‌ಗಿಂತ ಚೆನ್ನಾಗಿ ಕೂರುತ್ತೆ ಅನ್ಸುತ್ತೆ, ಜಾಸ್ತಿ ಪುರಾಣ ಆಯ್ತು ಅಂತೀರಾ ಹೇಳಿ.

ಫರ್ಮ್‌ವೇರ್ (ಸಾಧನದ ಒಳಗೇ ಬರೆದಿಟ್ಟಿರೋ ಸಾಫ್ಟ್‌ವೇರ್) ಅನ್ನೋ ಪದನ ಹಾಗೇ ಬಿಟ್ಟಿದೀನಿ. ‘ಸ್ಥಿರತಂತ್ರಾಂಶ’ ಅಂತ ನಾನೇ ಬರ್ದು ನಾನೇ ಅಳಿಸ್ದೆ. 1967ರಲ್ಲಿ ಕಂಪ್ಯೂಟರ್ ತಜ್ಞ ಆಷರ್ ಓಪ್ಲರ್ ‘ಫರ್ಮ್‌ವೇರ್’ ಅನ್ನೋ ಪದ ಕಟ್ಟಿದ್ದೇ ಹಾರ್ಡ್‌ಗೂ ಸಾಫ್ಟ್‌ಗೂ ನಡುವಿನದು ಅಂತ, ಆ ಆಟ ‘ಸ್ಥಿರ’ದಲ್ಲಿ ಬರಲ್ಲ. ಫ್ಲ್ಯಾಶ್ ಮಾಡೋದಕ್ಕೆ ಅಂಗಡಿಯವ್ರೆಲ್ಲಾ ‘ಸಾಫ್ಟ್‌ವೇರ್ ಹಾಕೋದು’ ಅಂತಾರೆ, ಅದೇ ಸಾಕು.

ಈಗ ಕೇಳಬೇಕಾಗಿದ್ದು. ಮಂಗಳೂರು, ಮೈಸೂರು, ಕಲಬುರಗಿ ಕಡೆ ಮೊಬೈಲ್ ರಿಪೇರಿಯವರು ಇದಕ್ಕೆ ಬೇರೆ ಏನಾದ್ರೂ ಅಂತಾರಾ? ನಮ್ಮಮ್ಮ ‘ಸೆಟಗೊಂಡು ಬಿದ್ದದ’ ಅಂದ್ರು, ಅದೂ ಪರವಾಗಿಲ್ಲ, ಆದ್ರೆ ಬೇರೆ ಕಡೆಯವ್ರಿಗೆ ಗೊತ್ತಾಗುತ್ತಾ?

ಇನ್ನೊಂದು ಪದನೂ ಬೇಕು. ಓಪನ್‌ಡಬ್ಲ್ಯುಆರ್‌ಟಿ ಹೊಸದಾಗಿ ಹಾಕಿದಾಗ ಸಾಮಾನ್ಯವಾಗಿ ವೈಫೈ ಆಫ್ ಆಗೇ ಇರುತ್ತೆ, ಕೇಬಲ್ ಹಾಕಿ 192.168.1.1ಕ್ಕೆ ಹೋಗಿ ನಾವೇ ಆನ್ ಮಾಡ್ಬೇಕು. ಅದನ್ನ ಹೇಳೋದೇ ಮರ್ತಿದ್ದೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮಾಮಾನ ಫೋನ್, “ಮತ್ತ ಎಚ್ಚರ ತಪ್ಯದ ನೋಡು.” ಎಚ್ಚರ ಇದ್ದು ಸುಮ್ನೆ ಕೂತಿರೋದಕ್ಕೆ ಏನನ್ನೋಣ?