ಕಾಫಿ ಸಸಿ ಚೀಲದಲ್ಲಿ ಎರೆಹುಳದಂಥ ಹಾವು: ಬೇರು ತಿನ್ನುತ್ತಾ?

ಮೂಡಿಗೆರೆ ನರ್ಸರಿ:
ನಮ್ಮ ಕಾಫಿ ನರ್ಸರಿಯಲ್ಲಿ ಒಂದು ಸಾಲಿನ ಸಸಿಗಳು ಬಾಡುತ್ತಿವೆ. ನಿನ್ನೆ ಮಳೆ ಬಿಟ್ಟ ಮೇಲೆ ಚೀಲ ಎತ್ತಿದರೆ ಅಡಿಯಲ್ಲಿ ಗೇಣುದ್ದವೂ ಇಲ್ಲದ ಕಪ್ಪು ಹಾವು. ಇವತ್ತು ಇನ್ನೆರಡು. ಮರಿ ಇದೆ ಅಂದರೆ ತಾಯಿಯೂ ಹತ್ತಿರದಲ್ಲೇ ಇರಬೇಕು ಅಲ್ವಾ? ಕೆಲಸದ ಹೆಂಗಸರು ಚೀಲ ಮುಟ್ಟಲು ಹೆದರುತ್ತಿದ್ದಾರೆ. ಕಿವಿಯೊಳಗೆ ನುಗ್ಗುತ್ತದಂತೆ. ಸೀಮೆಎಣ್ಣೆ ಸುರಿಯಲಾ?

ಸಕಲೇಶಪುರ ತೋಟದವ:
ಸೀಮೆಎಣ್ಣೆ ಬೇಡ ಮಾರಾಯ್ರೇ, ಸಸಿಯೇ ಸಾಯುತ್ತದೆ. ಮೈಮೇಲೆ ಬಿಳಿ ಪಟ್ಟೆ ಇದೆಯಾ? ಇದ್ದರೆ ಕೈ ಹಾಕಬೇಡಿ, ಕಟ್ಟುಹಾವಿನ ಮರಿ ಇರಬಹುದು.

ಮೂಡಿಗೆರೆ ನರ್ಸರಿ:
ಪಟ್ಟೆ ಇಲ್ಲ. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ತಲೆ ಯಾವುದು, ಬಾಲ ಯಾವುದು ಗೊತ್ತಾಗುವುದಿಲ್ಲ. ಒಂದು ತುದಿಯಲ್ಲಿ ಸಣ್ಣ ಮುಳ್ಳಿದೆ.

ಹಾಸನ ಹಾವುಪ್ರೇಮಿ:
ಮುಳ್ಳಿರುವುದೇ ಬಾಲ. ಇದು ಕುರುಡು ಹಾವು, ಇಂಡೋಟಿಫ್ಲಾಪ್ಸ್ ಬ್ರಾಮಿನಸ್. ಮರಿಯಲ್ಲ, ಬೆಳೆದ ಹಾವೇ. ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್ ಇರುತ್ತದೆ. ಕಣ್ಣು ಅಂದರೆ ಹುರುಪೆಯ ಅಡಿಯಲ್ಲಿ ಎರಡು ಚುಕ್ಕೆ, ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ವಿಷ ಇಲ್ಲ. ನಮ್ಮನ್ನು ಕಚ್ಚುವಷ್ಟು ಬಾಯಿಯೂ ಇಲ್ಲ. ಬಾಲದ ಮುಳ್ಳು ಚುಚ್ಚಿದರೂ ಏನೂ ಆಗುವುದಿಲ್ಲ. ಮಣ್ಣಿಗೆ ಅದನ್ನು ಊರಿ ಮುಂದೆ ನುಗ್ಗುತ್ತದೆ. ಕಿವಿಯ ಮಾತು ಸುಮ್ನೆ ಹೆದರಿಕೆ. ಮಣ್ಣಲ್ಲಿ ನೀರು ತುಂಬಿದಾಗ ಮೇಲೆ ಬರುತ್ತದೆ, ಅಷ್ಟೇ.

ಈ ಜಾತಿಯಲ್ಲಿ ಗಂಡೇ ಇಲ್ಲ ಗೊತ್ತಾ? ಎಲ್ಲವೂ ಹೆಣ್ಣು, ಒಂದೇ ಹಾವು ತಾನಾಗಿ ಮೊಟ್ಟೆ ಇಡುತ್ತದೆ. ಅದಕ್ಕೇ ಹೂಕುಂಡದ ಮಣ್ಣಿನ ಜೊತೆ ಅಮೆರಿಕದವರೆಗೂ ಹೋಗಿ ಅಲ್ಲೂ ಸಂಸಾರ ಹೂಡಿದೆ. ನನಗೆ ಇದು ಈಗಲೂ ದೊಡ್ಡ ಬೆರಗು.

ಬೇರು ಮಾತ್ರ ಇದು ತಿನ್ನುವುದಿಲ್ಲ. ಇದರ ಊಟ ಇರುವೆ, ಗೆದ್ದಲಿನ ಮೊಟ್ಟೆ, ಮರಿ. ಬಾಡಿದ ಸಸಿಯ ಚೀಲ ಒಂದೆರಡು ಸೀಳಿ ನೋಡಿ.

ಮೂಡಿಗೆರೆ ನರ್ಸರಿ:
ಸೀಳಿದೆ. ಒಂದರಲ್ಲಿ ಎರಡು ಗೊಣ್ಣೆ ಹುಳು, ಇನ್ನೊಂದರಲ್ಲಿ ಮೂರು! ಎಳೆ ಬೇರೆಲ್ಲ ತಿಂದು ಹಾಕಿವೆ. ಸಾಲಿನ ಕೊನೆಗೆ ಇರುವೆ ಗೂಡೂ ಇತ್ತು.

ಸಕಲೇಶಪುರ ತೋಟದವ:
ಹಾಗಾದರೆ ಗೊಬ್ಬರದ ಜೊತೆ ಬಂದಿವೆ. ಜರಡಿ ಹಿಡಿದಿದ್ರಾ?

ಮೂಡಿಗೆರೆ ನರ್ಸರಿ:
ಇಲ್ಲ, ಅವಸರದಲ್ಲಿ ತಿಪ್ಪೆಯಿಂದ ನೇರ ತುಂಬಿಸಿದ್ದೆ.

ಸಕಲೇಶಪುರ ತೋಟದವ:
ಆ ಸಾಲಿನ ಚೀಲ ಪೂರ್ತಿ ಬಿಚ್ಚಿ, ಹುಳು ಆರಿಸಿ. ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು. ಎಲ್ಲಾ ಜರಡಿ ಹಿಡಿದೇ ತುಂಬಿ.

ಮೂಡಿಗೆರೆ ನರ್ಸರಿ:
ಶುರು ಮಾಡಿದ್ದೇವೆ. ಮೂರು ಹಾವನ್ನೂ ಹಾಳೆಯಲ್ಲಿ ಎತ್ತಿ ಬಾಳೆಬುಡದ ದರಗಿಗೆ ಬಿಟ್ಟೆ. ಹೆಂಗಸರು ಹತ್ತಿರ ನಿಂತು ನೋಡಿದರು. ಕ್ಷಣದಲ್ಲಿ ಮಣ್ಣೊಳಗೆ ಇಳಿದುಹೋದವು.