ರೇಖಾಂಶವನ್ನು ‘ಕಂಡುಹಿಡಿಯುವುದೋ’, ‘ನಿರ್ಧರಿಸುವುದೋ’, ‘ಲೆಕ್ಕ ಹಾಕುವುದೋ’?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಬರೆದ ಒಂದು ವಿಜ್ಞಾನ ಲೇಖನವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಸಮುದ್ರದಲ್ಲಿ ರೇಖಾಂಶವನ್ನು ಕಂಡುಹಿಡಿದವನು ಜಾನ್ ಹ್ಯಾರಿಸನ್’ ಅಂತಿದೆ. ಇದನ್ನು ಓದಿದ ಮಗುವಿಗೆ ರೇಖಾಂಶ ಅನ್ನುವುದೇ ಹ್ಯಾರಿಸನ್‌ನಿಂದ ಹುಟ್ಟಿತು ಅನ್ನಿಸುತ್ತದೆ, ಅಲ್ವಾ? ಗ್ರೀಕ್ ಭೂಗೋಳಜ್ಞ ಟಾಲೆಮಿ ಕ್ರಿ.ಶ. 2ನೇ ಶತಮಾನದಲ್ಲೇ ಊರೂರಿನ ರೇಖಾಂಶ ಬರೆದಿಟ್ಟಿದ್ದ. ಖಗೋಳದ ಲೆಕ್ಕ ಹೇಳುವ ನಮ್ಮ ಸಿದ್ಧಾಂತ ಗ್ರಂಥಗಳು ಉಜ್ಜಯಿನಿಯ ಮೇಲೆ ಹಾಯುವ ರೇಖೆಯಿಂದ ದೇಶಾಂತರ, ಅಂದರೆ ರೇಖಾಂಶದ ವ್ಯತ್ಯಾಸ, ಎಣಿಸುತ್ತಿದ್ದವು. ಒಂದೇ ಚಂದ್ರಗ್ರಹಣ ಎರಡು ಊರಲ್ಲಿ ಯಾವ ಯಾವ ಹೊತ್ತಿಗೆ ಹಿಡಿಯಿತು ಎಂದು ನೋಡಿ ಆ ಲೆಕ್ಕ ಮಾಡಬಹುದು ಎಂದು ಸೂರ್ಯಸಿದ್ಧಾಂತವೇ ಹೇಳುತ್ತದೆ. ಹ್ಯಾರಿಸನ್ ಮಾಡಿಕೊಟ್ಟದ್ದು, ಅಲೆಗೆ ಓಲಾಡುವ ಹಡಗಿನಲ್ಲೂ ಹೊತ್ತು ತಪ್ಪದ ಗಡಿಯಾರ.

ಹಾಗಾದರೆ ‘ನಿರ್ಧರಿಸು’ ಅನ್ನೋಣವೇ? ಪಠ್ಯಪುಸ್ತಕದ ಕನ್ನಡದಲ್ಲಿ ಇದು ಜಾಸ್ತಿ ಕಾಣುತ್ತದೆ. ನನಗೆ ಮಾತ್ರ ಒಗ್ಗುವುದಿಲ್ಲ. ಮದುವೆಯ ದಿನ ನಿರ್ಧರಿಸುತ್ತೇವೆ, ಅದು ನಮ್ಮ ಕೈಲಿರುವ ಸಂಗತಿ. ರೇಖಾಂಶದ ಸೊನ್ನೆ ರೇಖೆ ಲಂಡನ್ನಿನ ಗ್ರೀನಿಚ್ ಮೇಲೇ ಹಾಯಲಿ ಎಂದು 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ನಿರ್ಧರಿಸಿದವು, ಅಲ್ಲಿ ಆ ಪದ ಸರಿಯಾಗಿ ಕೂರುತ್ತದೆ. ನಡುಗಡಲಲ್ಲಿರುವ ನಾವಿಕನಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಹಡಗು ಎಲ್ಲಿದೆಯೋ ಅಲ್ಲಿದೆ, ಅವನು ಅದನ್ನು ತಿಳಿಯಬೇಕು ಅಷ್ಟೆ. 1707ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಶೊವೆಲ್‌ನ ಹಡಗುಗಳು ತಾವಿರುವ ಜಾಗವನ್ನು ತಪ್ಪು ತಿಳಿದು ಸಿಲಿ ದ್ವೀಪಗಳ ಬಂಡೆಗೆ ಬಡಿದವು. ನಾಲ್ಕು ಹಡಗು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು 20,000 ಪೌಂಡಿನವರೆಗೆ ಬಹುಮಾನ ಇಟ್ಟದ್ದು ಈ ತಿಳಿಯುವ ದಾರಿಗೆ.

ಅಕ್ಷಾಂಶಕ್ಕಾದರೆ ‘ಅಳೆ’ ಸಲೀಸಾಗಿ ಹೊಂದುತ್ತದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಿಮ್ಮ ಅಕ್ಷಾಂಶ. ರೇಖಾಂಶಕ್ಕೆ ಹಾಗೆ ಒಂದೇ ನೋಟದಲ್ಲಿ ಅಳೆಯಲು ಆಕಾಶದಲ್ಲಿ ಏನೂ ಇಲ್ಲ, ಎರಡು ಜಾಗದ ಹೊತ್ತು ಬೇಕು. ಹಡಗಿನ ಮೇಲೆ ಸೂರ್ಯ ಅತಿ ಎತ್ತರಕ್ಕೆ ಬಂದ, ಅಲ್ಲಿಗೆ ಮಧ್ಯಾಹ್ನ 12. ಗ್ರೀನಿಚ್ ಹೊತ್ತು ಇಟ್ಟುಕೊಂಡು ಬಂದ ಗಡಿಯಾರದಲ್ಲಿ ಸಂಜೆ 4. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅಂದರೆ ಹಡಗು ಗ್ರೀನಿಚ್‌ನಿಂದ ಸುಮಾರು 60 ಡಿಗ್ರಿ ಪಶ್ಚಿಮಕ್ಕಿದೆ. ಗಡಿಯಾರ ಒಂದೇ ನಿಮಿಷ ಹಿಂದೆ ಬಿದ್ದರೂ ಸಮಭಾಜಕದ ಹತ್ತಿರ 28 ಕಿ.ಮೀ. ತಪ್ಪಾಗುತ್ತದೆ. ಹ್ಯಾರಿಸನ್‌ನ ಮಗ ವಿಲಿಯಂ 1761ರಲ್ಲಿ ಜಮೈಕಾಕ್ಕೆ ಒಯ್ದ, ಅಪ್ಪ ಮಾಡಿದ ನಾಲ್ಕನೇ ಗಡಿಯಾರ, ದಿನದಿನದ ಗೊತ್ತಿದ್ದ ವ್ಯತ್ಯಾಸ ಸರಿಪಡಿಸಿ ನೋಡಿದಾಗ, 81 ದಿನದಲ್ಲಿ ಹಿಂದೆ ಬಿದ್ದಿದ್ದು ಬರೀ 5 ಸೆಕೆಂಡು! ಅದರ ಅಗಲ ಸುಮಾರು 13 ಸೆಂ.ಮೀ. ಹ್ಯಾರಿಸನ್‌ನ ಮೊದಲ ಗಡಿಯಾರವೋ 30 ಕಿಲೋಗಿಂತ ಹೆಚ್ಚು ತೂಗುತ್ತಿತ್ತು.

ಚಂದ್ರನಿಗೂ ಒಂದು ನಕ್ಷತ್ರಕ್ಕೂ ನಡುವಿನ ಕೋನ ಅಳೆದು, ಗ್ರೀನಿಚ್ ವೀಕ್ಷಣಾಲಯದ ಖಗೋಳಜ್ಞ ಮ್ಯಾಸ್ಕಲಿನ್ 1767ರ ವರ್ಷಕ್ಕೆ ತಂದ ನಾವಿಕ ಪಂಚಾಂಗದ ಕೋಷ್ಟಕ ನೋಡಿ ಗ್ರೀನಿಚ್ ಹೊತ್ತು ತಿಳಿಯುವ ದಾರಿಯೂ ಇತ್ತು. ಅದರಲ್ಲೂ ಅಳೆಯುವುದು ಕೋನವನ್ನು. ರೇಖಾಂಶ ಸಿಗುವುದು ಲೆಕ್ಕದಿಂದಲೇ.

ಹಾಗಾಗಿ ಆ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ನಡುಗಡಲಲ್ಲಿ ಹಡಗಿನ ರೇಖಾಂಶವನ್ನು ಲೆಕ್ಕ ಹಾಕಿ ತಿಳಿಯಲು ನಂಬಬಹುದಾದ ಗಡಿಯಾರ ಮಾಡಿದವನು ಜಾನ್ ಹ್ಯಾರಿಸನ್.’ ಸ್ವಲ್ಪ ಉದ್ದವಾಯಿತು, ನಿಜ. ‘ಲೆಕ್ಕ ಹಾಕಿ ತಿಳಿ’ ಬದಲು ‘ಗೊತ್ತುಮಾಡು’ ಅಂದರೆ ಚಿಕ್ಕದಾಗುತ್ತದೆ. ಆದರೆ ಅದಕ್ಕೂ ‘ಗೊತ್ತುಪಡಿಸು’, ‘ನಿಗದಿ ಮಾಡು’ ಎಂಬ ಅರ್ಥ ಇದೆ, ಮತ್ತೆ ನಿರ್ಧಾರದ ಗೊಂದಲಕ್ಕೇ ಬರುತ್ತೇವೆ. ನಿಮ್ಮ ಕಡೆ ಈ ಮಾತು ಯಾವ ಅರ್ಥದಲ್ಲಿ ಹೆಚ್ಚು ಬಳಕೆಯಲ್ಲಿದೆ?

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಬೋಟು ನಡೆಸುವ ತಾಂಡೇಲರು ಜಿಪಿಎಸ್ ನೋಡಿ ತಾವಿರುವ ಜಾಗ ತಿಳಿಯುವುದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ? ಕೊಂಕಣಿ, ತುಳುವಿನದಾದರೂ ಸರಿ, ಅವರಾಡುವ ಮಾತನ್ನು ಹಾಗೆಯೇ ಬರೆದು ತಿಳಿಸಿ.