ದೇಶದೇಶದ ಜನಪದ ಕಥೆ ಹೇಳಬೇಕು: ಅನುಭವ ಇದ್ದವರು ತಿಳಿಸಿ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮುಂದಿನ ತಿಂಗಳು 45 ನಿಮಿಷ ಕಥೆ ಹೇಳಲು ಒಪ್ಪಿಕೊಂಡಿದ್ದೇನೆ. ಮಕ್ಕಳು, ಅಜ್ಜ ಅಜ್ಜಿಯರು ಎಲ್ಲ ಸೇರಿ 60 ಜನ ಬರಬಹುದು. ಘಾನಾದ ಅನಾನ್ಸಿ, ರಷ್ಯಾದ ಮಾಟಗಾತಿ ಬಾಬಾ ಯಾಗಾ, ಜಪಾನಿನದೊಂದು ಅಂದುಕೊಂಡಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಹೇಳಿದ್ದು ಬಿಟ್ಟರೆ ವೇದಿಕೆ ಹತ್ತಿದವಳಲ್ಲ. ಬಾಯಿಪಾಠ ಮಾಡಲಾ? ಹೆಸರುಗಳನ್ನು ನಮ್ಮ ಕಡೆಯವು ಮಾಡಿಬಿಡಲಾ?

ಉತ್ತರ 1
ಬಾಯಿಪಾಠ ಬೇಡವೇ ಬೇಡ ಅಕ್ಕಾ. ನಾನು ಮಾಡಿ ಕೆಟ್ಟವನು. ನಡುವೆ ಒಂದು ಸಾಲು ಮರೆತೆ, ಉಳಿದದ್ದೆಲ್ಲ ಅದರ ಬೆನ್ನು ಹಿಡಿದು ಹೋಯಿತು. ಆಮೇಲೆ ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ! ಈಗ ಮೊದಲ ಸಾಲು, ಕೊನೆಯ ಸಾಲು ಅಷ್ಟೇ ಗಟ್ಟಿ ಮಾಡುತ್ತೇನೆ.

ಅನಾನ್ಸಿ ಅನ್ನೋ ಜೇಡ ಆಕಾಶದೇವರು ನ್ಯಾಮೆಯಿಂದ ಕಥೆಗಳನ್ನೆಲ್ಲ ಕೊಂಡುಕೊಳ್ಳುತ್ತಾನಲ್ಲ, ಆ ಕಥೆ ಹೇಳಿ. ಹೆಬ್ಬಾವು, ಚಿರತೆ, ಕಣಜಗಳನ್ನು ಹಿಡಿದು ತರೋದೇ ಅದಕ್ಕೆ ಬೆಲೆ. ಕಣಜದ ಗೂಡಿಗೆ ನೀರು ಸುರಿದು, ತನ್ನ ಮೇಲೂ ಸುರಿದುಕೊಂಡು, ತಲೆ ಮೇಲೆ ಬಾಳೆಎಲೆ ಹಿಡಿದು, 'ಮಳೆ ಬಂತು, ನನ್ನ ಸೋರೆಬುರುಡೆಯೊಳಗೆ ಬನ್ನಿ' ಅಂತ ಕರೆಯುತ್ತಾನೆ. ನಾನು ನಿಜವಾದ ಬಾಳೆಎಲೆಯನ್ನೇ ಒಯ್ಯುತ್ತೇನೆ. ತಲೆ ಮೇಲೆ ಹಿಡಿದು ಬೆರಳಲ್ಲಿ ಟಪಟಪ ತಟ್ಟಿ ನೋಡಿ, ಮಕ್ಕಳು ತಾವೇ ತಲೆ ಮುಚ್ಚಿಕೊಳ್ಳುತ್ತಾರೆ.

ಹೆಸರು ಮಾತ್ರ ಬದಲಾಯಿಸಬೇಡಿ. ಗುಲಾಮರಾಗಿ ಹಡಗು ಹತ್ತಿದವರ ಜೊತೆ ಜಮೈಕಾಕ್ಕೆ ಹೋದರೂ ಅವನು ಅನಾನ್ಸಿಯಾಗಿಯೇ ಉಳಿದ. ನಾವ್ಯಾಕೆ ನರಿ ಮಾಡೋಣ?

ಉತ್ತರ 2
ಕಥೆ ಜೊತೆ ಕೇಳುವ ರೀತಿಯನ್ನೂ ತನ್ನಿ ಮೇಡಂ. ಹೈಟಿಯಲ್ಲಿ ಕಥೆ ಹೇಳುವವರು 'ಕ್ರಿಕ್?' ಅಂದರೆ ಕೂತವರು 'ಕ್ರಾಕ್!' ಅನ್ನಬೇಕು. ಆಮೇಲೇ ಕಥೆ ಶುರು. ನಮ್ಮಜ್ಜಿಯೂ ಅಷ್ಟೇ, ಹೂಂಗುಟ್ಟದಿದ್ದರೆ ಕಥೆ ನಿಲ್ಲಿಸಿಬಿಡುತ್ತಿದ್ದರು. ಇದನ್ನು ಹೇಳಿದರೆ ಮುಂದೆ ಕೂತ ಅಜ್ಜಂದಿರ ಮುಖ ಅರಳುತ್ತೆ. ಒಂದು ಎಚ್ಚರಿಕೆ: ಒಂದು ಶಾಲೆಯಲ್ಲಿ ಕ್ರಿಕ್-ಕ್ರಾಕ್ ಕಲಿಸಿ ಹುಡುಗರನ್ನು ನಿಲ್ಲಿಸಲಾಗದೆ ಹತ್ತು ನಿಮಿಷ ಕಳೆದುಕೊಂಡೆ. ಕೈ ಇಳಿಸಿದರೆ ಸುಮ್ಮನಾಗಬೇಕು ಅಂತ ಮೊದಲೇ ಹೇಳಿಬಿಡಿ.

ಉತ್ತರ 3
ಮೂರು ಕಥೆ ಜಾಸ್ತಿ ಆಯಿತು, ಎರಡು ಸಾಕು. ಜಪಾನಿನದು ಅಂದರೆ ಕಮಿಶಿಬಾಯಿ ಥರ ಚಿತ್ರ ತೋರಿಸುವ ಯೋಚನೆಯಾ? 1930ರ ದಶಕದಲ್ಲಿ ಸೈಕಲ್ ಮೇಲೆ ಮರದ ಚೌಕಟ್ಟು ಇಟ್ಟುಕೊಂಡು ಬಂದು, ಮರದ ತುಂಡುಗಳನ್ನು ಬಡಿದು ಮಕ್ಕಳನ್ನು ಕರೆದು, ಮಿಠಾಯಿ ಮಾರಿ ಕಥೆ ಹೇಳುತ್ತಿದ್ದರು. ಅದು ಬೀದಿ ಮೂಲೆಯ ಗುಂಪಿಗೆ ಸರಿ. 60 ಜನರಲ್ಲಿ ಹಿಂದಿನವರಿಗೆ ಚಿತ್ರ ಕಾಣೋದಿಲ್ಲ.

ಬಾಬಾ ಯಾಗಾಳ ಕೋಳಿಕಾಲಿನ ಗುಡಿಸಲು ಮಕ್ಕಳಿಗೆ ಇಷ್ಟ. ತಲೆಬುರುಡೆಗಳ ಬೇಲಿ ಹಾಗಲ್ಲ. ನಾನು ದೀಪ ಆರಿಸಿ ಹೇಳಿ, ಒಂದು ಪುಟ್ಟ ಮಗು ಅತ್ತು ಅದರಮ್ಮ ಎದ್ದು ಹೋದರು. ದೀಪ ಉರಿಯಲಿ, ನಿಮಗೆ ಮುಖಗಳು ಕಾಣಬೇಕು.

ಇನ್ನೊಂದು ಮಾತು, ಮುಂದೆಂದಾದರೂ ಬೇಕಾಗುತ್ತೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ ಕಯೋಟಿ ಅನ್ನೋ ತೋಳದಂಥ ಪ್ರಾಣಿಯ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ. ಕಥೆ ಆರಿಸುವಾಗ ಅಂಥ ಕಟ್ಟುಪಾಡು ಇದೆಯಾ ನೋಡಿಕೊಳ್ಳಿ.

ಕೇಳಿದವಳೇ ಮತ್ತೆ ಬಂದೆ
ಜಪಾನ್ ಕೈಬಿಟ್ಟೆ. ಬಾಳೆಎಲೆ ಖಂಡಿತ. ಗ್ರಂಥಾಲಯದಲ್ಲಿ ಇರೋದು ಕೈಯಲ್ಲಿ ಹಿಡಿಯುವ ಮೈಕ್ ಒಂದೇ. ಅದನ್ನೂ ಹಿಡಿದು, ಎಲೆಯನ್ನೂ ಹಿಡಿದು, ಬೆರಳಲ್ಲಿ ಮಳೆ ಬರಿಸೋದು ಹೇಗೆ ಅಂತ ಮೊದಲನೆಯವರು ಹೇಳಿ ಪುಣ್ಯ ಕಟ್ಟಿಕೊಳ್ಳಿ.